ಒಂದೇ ಯಂತ್ರ, ಎರಡು ಕೆಲಸ: ಎಬೋಲಾ ವೈರಸ್ ಮತ್ತು ಒಂದು ಫಾಸ್ಫೇಟ್

ಎಬೋಲಾ ವೈರಸ್‌ನ ಜೀನೋಮ್ ಅಂದ್ರೆ ಸುಮಾರು 19,000 ಅಕ್ಷರಗಳ ಒಂದೇ ಒಂದು ಆರ್‌ಎನ್‌ಎ ಎಳೆ. ಆರ್‌ಎನ್‌ಎಯಲ್ಲಿ ನಾಲ್ಕೇ ಅಕ್ಷರ ಇರೋದರಿಂದ ಒಂದು ಅಕ್ಷರಕ್ಕೆ 2 ಬಿಟ್ ಸಾಕು. ಲೆಕ್ಕ ಹಾಕಿದ್ರೆ 38,000 ಬಿಟ್, ಅಂದರೆ 5 ಕೆಬಿ ಕೂಡ ಆಗಲ್ಲ. ನಾವು ದಿನಾ ಕಳಿಸೋ ವಾಟ್ಸಾಪ್ ಸ್ಟಿಕ್ಕರ್ ಇದಕ್ಕಿಂತ ದೊಡ್ಡದು. ಇಷ್ಟು ಚಿಕ್ಕ ಕೋಡ್ 2014ರಿಂದ 2016ರವರೆಗೆ ಪಶ್ಚಿಮ ಆಫ್ರಿಕಾದ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳಲ್ಲಿ 28,600ಕ್ಕೂ ಹೆಚ್ಚು ಜನರಿಗೆ ತಗುಲಿ, 11,300ಕ್ಕೂ ಹೆಚ್ಚು ಜನರ ಜೀವ ತೆಗೆದುಕೊಂಡಿತು.

ಈ ಎಳೆಯಲ್ಲಿ ಇರೋದು ಏಳು ಜೀನ್. ಅದರಲ್ಲಿ ಒಂದು ಜೀನ್‌ನಿಂದ ತಯಾರಾಗೋದು ಎಲ್ ಅನ್ನುವ ಪಾಲಿಮರೇಸ್, ಅಂದ್ರೆ ಆರ್‌ಎನ್‌ಎ ನೋಡಿ ಆರ್‌ಎನ್‌ಎ ಬರೆಯುವ ಯಂತ್ರ. ವೈರಸ್ ಹತ್ತಿರ ಇರೋ ಬರೆಯುವ ಯಂತ್ರ ಇದೊಂದೇ. ಆದರೆ ಕೆಲಸ ಎರಡಿದೆ. ಯಾವಾಗ ಯಾವ ಕೆಲಸ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ ಅನ್ನೋದೇ ಈ ಲೇಖನದ ವಿಷಯ. ನಾಲ್ಕನೇ ಸೆಮ್‌ನ 'ಬಯಾಲಜಿ ಫಾರ್ ಇಂಜಿನಿಯರ್ಸ್' ಪೇಪರ್‌ನಲ್ಲಿ ಪ್ರೋಟೀನ್ ಬಗ್ಗೆ ಎರಡು ಪುಟ ಓದಿದ್ದವರಿಗೆ ಇದು ಅರ್ಥ ಆಗುತ್ತೆ. ಓದದೇ ಪಾಸಾದವರಿಗೂ ಆಗುತ್ತೆ, ಬನ್ನಿ.

ಮೊದಲನೇ ಕೆಲಸ ಟ್ರಾನ್ಸ್‌ಕ್ರಿಪ್ಷನ್. ಎಬೋಲಾದ್ದು ನೆಗೆಟಿವ್ ಎಳೆ. ಅಂದ್ರೆ ನಮ್ಮ ಜೀವಕೋಶದ ರೈಬೋಸೋಮ್ ಅದನ್ನು ನೇರವಾಗಿ ಓದಿ ಪ್ರೋಟೀನ್ ಮಾಡೋಕೆ ಆಗಲ್ಲ, ಅದು ಫೋಟೋ ನೆಗೆಟಿವ್ ಇದ್ದ ಹಾಗೆ. ಹಾಗಾಗಿ ಪಾಲಿಮರೇಸ್ ಎಳೆಯ ಒಂದು ತುದಿಯಿಂದ ಹೊರಟು, ಒಂದೊಂದು ಜೀನ್‌ಗೂ ಬೇರೆ ಬೇರೆ ಎಂ-ಆರ್‌ಎನ್‌ಎ ಬರೆಯಬೇಕು. ಪ್ರತಿ ಜೀನ್‌ನ ಶುರುವಿನಲ್ಲಿ 'ಇಲ್ಲಿಂದ ಆರಂಭ' ಅನ್ನುವ ಗುರುತು, ಕೊನೆಯಲ್ಲಿ 'ಇಲ್ಲಿ ನಿಲ್ಲಿಸು' ಅನ್ನುವ ಗುರುತು ಇರುತ್ತೆ. ಎರಡನೇ ಕೆಲಸ ರೆಪ್ಲಿಕೇಷನ್: ಆ ನಿಲ್ಲಿಸು-ಆರಂಭಿಸು ಗುರುತುಗಳನ್ನೆಲ್ಲ ಕಡೆಗಣಿಸಿ, ಈ ತುದಿಯಿಂದ ಆ ತುದಿಯವರೆಗೆ 19,000 ಅಕ್ಷರಗಳನ್ನೂ ಒಂದೇ ಉಸಿರಿನಲ್ಲಿ ನಕಲು ಮಾಡೋದು. ಆ ನಕಲನ್ನು ಅಚ್ಚಾಗಿ ಇಟ್ಟುಕೊಂಡು ಮತ್ತೆ ಹೊಸ ಜೀನೋಮ್ ಬರೆಯೋದು.

ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಒಂದೇ ಬಸ್ಸು, ಒಂದೇ ರಸ್ತೆ. 'ಷಟಲ್' ಬೋರ್ಡ್ ಹಾಕಿದ್ರೆ ಪ್ರತಿ ಸ್ಟಾಪ್‌ನಲ್ಲೂ ನಿಲ್ಲುತ್ತೆ, 'ನಾನ್‌ಸ್ಟಾಪ್' ಬೋರ್ಡ್ ಹಾಕಿದ್ರೆ ಎಲ್ಲೂ ನಿಲ್ಲಲ್ಲ. ಎರಡೂ ಟ್ರಿಪ್ ಬೇಕೇ ಬೇಕು. ಬರೀ ಷಟಲ್ ಓಡಿದ್ರೆ ಪ್ರೋಟೀನ್ ರಾಶಿ ಬೀಳುತ್ತೆ, ಒಳಗೆ ತುಂಬೋಕೆ ಜೀನೋಮ್ ಇರಲ್ಲ. ಬರೀ ನಾನ್‌ಸ್ಟಾಪ್ ಓಡಿದ್ರೆ ಜೀನೋಮ್ ಇರುತ್ತೆ, ಅದನ್ನು ಸುತ್ತಿಡೋಕೆ ಪ್ರೋಟೀನ್ ಇರಲ್ಲ. ಹಾಗಾದ್ರೆ ಬೋರ್ಡ್ ಬದಲಾಯಿಸೋದು ಯಾರು?

ಅದಕ್ಕೆ ಮುಂಚೆ ಫಾಸ್ಫೊರಿಲೇಷನ್ ಅಂದ್ರೆ ಏನು ಅಂತ ಚುಟುಕಾಗಿ ನೋಡೋಣ. ಪ್ರೋಟೀನ್ ಅಂದ್ರೆ ಅಮೈನೋ ಆಮ್ಲಗಳ ಸರ. ಅದರಲ್ಲಿ ಸೆರೀನ್, ಥ್ರಿಯೋನಿನ್, ಟೈರೋಸಿನ್ ಅನ್ನುವ ಮೂರಕ್ಕೆ ಪಕ್ಕದಲ್ಲಿ ಒಂದು ಓಎಚ್ ಗುಂಪು ಚಾಚಿಕೊಂಡಿರುತ್ತೆ. ಕೈನೇಸ್ ಅನ್ನುವ ಕಿಣ್ವ ಎಟಿಪಿಯಿಂದ ಒಂದು ಫಾಸ್ಫೇಟ್ ಕಿತ್ತು ಅಲ್ಲಿಗೆ ಅಂಟಿಸುತ್ತೆ. ಫಾಸ್ಫಟೇಸ್ ಅನ್ನುವ ಇನ್ನೊಂದು ಕಿಣ್ವ ಅದನ್ನು ಬಿಡಿಸುತ್ತೆ. ಅಷ್ಟೇ. ಆ ಫಾಸ್ಫೇಟ್ ಜೊತೆ ಪ್ರೋಟೀನ್ ಮೇಲೆ ಹೆಚ್ಚುಕಡಿಮೆ ಎರಡು ಋಣಾವೇಶ ಬಂದು ಕೂರುತ್ತೆ. ಅದುವರೆಗೂ ನ್ಯೂಟ್ರಲ್ ಆಗಿದ್ದ ಜಾಗ ಈಗ ನೆಗೆಟಿವ್. ಪಕ್ಕದಲ್ಲಿದ್ದ ಪಾಸಿಟಿವ್ ಭಾಗ ಹತ್ತಿರ ಎಳೆಯಲ್ಪಡುತ್ತೆ, ನೆಗೆಟಿವ್ ಭಾಗ ದೂರ ತಳ್ಳಲ್ಪಡುತ್ತೆ. ಆರ್‌ಎನ್‌ಎ ತಾನೇ ಮೈತುಂಬಾ ಋಣಾವೇಶ ಹೊತ್ತ ಅಣು ಅನ್ನೋದನ್ನು ಇಲ್ಲಿ ನೆನಪಿಡಿ. ಆರ್‌ಎನ್‌ಎ ಹಿಡಿಯುವ ಪ್ರೋಟೀನ್‌ಗೆ ಫಾಸ್ಫೇಟ್ ಅಂಟಿಸಿದ್ರೆ ಹಿಡಿತ ಸಡಿಲ ಆಗೋದು ಸಹಜ. ಫಸ್ಟ್ ಇಯರ್‌ನ ಕೂಲಂಬ್ ನಿಯಮ ಕೆಲಸಕ್ಕೆ ಬರೋ ಅಪರೂಪದ ಜಾಗ ಇದು.

ಈ ಹಾಕು-ತೆಗೆ ಆಟವನ್ನು ಎಡ್ವಿನ್ ಕ್ರೆಬ್ಸ್ ಮತ್ತು ಎಡ್ಮಂಡ್ ಫಿಶರ್ 1950ರ ದಶಕದಲ್ಲಿ ಸ್ನಾಯುವಿನ ಒಂದು ಕಿಣ್ವದಲ್ಲಿ ಕಂಡುಹಿಡಿದರು. ನೊಬೆಲ್ ಬಂದಿದ್ದು 1992ರಲ್ಲಿ. ಮನುಷ್ಯನ ಜೀವಕೋಶದಲ್ಲಿ 500ಕ್ಕೂ ಹೆಚ್ಚು ಬಗೆಯ ಕೈನೇಸ್‌ಗಳಿವೆ. ಎಬೋಲಾದ ಏಳು ಜೀನ್‌ಗಳಲ್ಲಿ? ಒಂದೂ ಇಲ್ಲ. ಫಾಸ್ಫಟೇಸೂ ಇಲ್ಲ. 5 ಕೆಬಿಯಲ್ಲಿ ಅದಕ್ಕೆಲ್ಲ ಜಾಗ ಎಲ್ಲಿ? ಹಾಗಾಗಿ ಎರಡನ್ನೂ ನಮ್ಮಿಂದಲೇ ಕಡ ತಗೊಳುತ್ತೆ.

ಈಗ ಬೋರ್ಡ್ ಕಥೆಗೆ ಬರೋಣ. ಎಬೋಲಾದಲ್ಲಿ ಆ ಬೋರ್ಡ್‌ನ ಹೆಸರು ವಿಪಿ-30, ಒಂದು ಸಣ್ಣ ಪ್ರೋಟೀನ್. ಜರ್ಮನಿಯ ಮಾರ್ಬರ್ಗ್‌ನ ಸಂಶೋಧಕರು 1999ರಲ್ಲಿ ತೋರಿಸಿದ್ದು ಇಷ್ಟು: ಎಬೋಲಾದ ರೆಪ್ಲಿಕೇಷನ್‌ಗೆ ಎನ್‌ಪಿ, ವಿಪಿ-35 ಮತ್ತು ಎಲ್ ಅನ್ನುವ ಮೂರು ಪ್ರೋಟೀನ್ ಸಾಕು. ಟ್ರಾನ್ಸ್‌ಕ್ರಿಪ್ಷನ್‌ಗೆ ಮಾತ್ರ ನಾಲ್ಕನೆಯದಾಗಿ ವಿಪಿ-30 ಬೇಕು. ಮಾರ್ಬರ್ಗ್ ಅಂದ ತಕ್ಷಣ ಮಾರ್ಬರ್ಗ್ ವೈರಸ್ ನೆನಪಾದ್ರೆ ಸರಿಯಾಗೇ ನೆನಪಾಗಿದೆ, ಎಬೋಲಾದ ಆ ಸಂಬಂಧಿಗೆ ಹೆಸರು ಬಂದಿದ್ದು ಇದೇ ಊರಿನಿಂದ, 1967ರಲ್ಲಿ.

ಆಮೇಲೆ ಗೊತ್ತಾಗಿದ್ದು, ವಿಪಿ-30ರ ಮುಂಭಾಗದಲ್ಲಿ ಎರಡು ಗುಂಪಾಗಿ ಆರು ಸೆರೀನ್ ಇವೆ, ಅವಕ್ಕೆ ಫಾಸ್ಫೇಟ್ ಅಂಟುತ್ತೆ ಅನ್ನೋದು. ಫಾಸ್ಫೇಟ್ ಇಲ್ಲದ ವಿಪಿ-30 ಪಾಲಿಮರೇಸ್ ಜೋಡಿಯ ಜೊತೆ ಸೇರಿಕೊಳ್ಳುತ್ತೆ, ಬಸ್ಸು ಷಟಲ್ ಆಗುತ್ತೆ, ಎಂ-ಆರ್‌ಎನ್‌ಎ ಬರುತ್ತೆ. ಫಾಸ್ಫೇಟ್ ಅಂಟಿದ ವಿಪಿ-30ಗೆ ವಿಪಿ-35 ಜೊತೆಗಿನ ಮತ್ತು ಆರ್‌ಎನ್‌ಎ ಜೊತೆಗಿನ ಹಿಡಿತ ಸಡಿಲ ಆಗುತ್ತೆ. ಬೋರ್ಡ್ ಕಳಚಿತು ಅಂದ್ಕೊಳ್ಳಿ. ಉಳಿದ ವಿಪಿ-35 ಮತ್ತು ಎಲ್ ಜೋಡಿ ನಾನ್‌ಸ್ಟಾಪ್ ಓಡುತ್ತೆ. ಒಂದೇ ಪ್ರೋಟೀನ್, ಒಂದು ಸಣ್ಣ ಗುಂಪು ಅಂಟಿತೋ ಇಲ್ವೋ ಅನ್ನೋದರ ಮೇಲೆ ಇಡೀ ಯಂತ್ರದ ಮೋಡ್ ಬದಲು. ಈಸಿಇ ಗೆಳೆಯರಿಗೆ ಇದನ್ನು ಐಸಿಯ ಮೋಡ್ ಪಿನ್ ಅಂದ್ರೆ ಸಾಕು.

ಇದನ್ನು ಹೇಗೆ ಪತ್ತೆ ಮಾಡಿದರು ಅನ್ನೋದು ನನಗೆ ಫಲಿತಾಂಶಕ್ಕಿಂತ ಜಾಸ್ತಿ ಇಷ್ಟವಾದ ಭಾಗ. ಜೀವಂತ ಎಬೋಲಾ ಮುಟ್ಟಬೇಕಂದ್ರೆ ಬಿಎಸ್‌ಎಲ್-4 ಲ್ಯಾಬ್ ಬೇಕು. ಗಾಳಿ ತುಂಬಿದ ಸೂಟ್, ಅದಕ್ಕೇ ಬೇರೆ ಗಾಳಿ ಪೈಪ್, ಹೊರಗೆ ಬರುವಾಗ ಸೂಟ್ ಸಮೇತ ಕೆಮಿಕಲ್ ಶವರ್. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ ಅಂಥದ್ದೊಂದು ಇದೆ. ದಿನಕ್ಕೆ ಹತ್ತು ಮ್ಯುಟೇಷನ್ ಪರೀಕ್ಷೆ ಮಾಡೋ ಜಾಗ ಅಲ್ಲ ಅದು. ಹಾಗಾಗಿ ಮಿನಿಜೀನೋಮ್ ಅನ್ನುವ ಉಪಾಯ ಮಾಡಿದರು. ವೈರಸ್ ಜೀನೋಮ್‌ನ ಎರಡು ತುದಿಗಳನ್ನು ಮಾತ್ರ ಇಟ್ಟುಕೊಂಡು, ನಡುವಿನ ಏಳೂ ಜೀನ್ ತೆಗೆದು, ಆ ಜಾಗಕ್ಕೆ ಒಂದು ವರದಿಗಾರ ಜೀನ್ ಕೂರಿಸೋದು. ಉದಾಹರಣೆಗೆ ಮಿಂಚುಹುಳದ ಲೂಸಿಫೆರೇಸ್. ಎನ್‌ಪಿ, ವಿಪಿ-35, ಎಲ್, ವಿಪಿ-30 ಇವುಗಳನ್ನು ಬೇರೆ ಬೇರೆ ಪ್ಲಾಸ್ಮಿಡ್‌ಗಳಲ್ಲಿ ಜೀವಕೋಶಕ್ಕೆ ಕೊಡೋದು. ಪಾಲಿಮರೇಸ್‌ಗೆ ಇದು ನಿಜವಾದ ವೈರಸ್ ಅಲ್ಲ ಅಂತ ಗೊತ್ತಾಗಲ್ಲ, ತುದಿಗಳನ್ನು ನೋಡಿ ತನ್ನ ಪಾಡಿಗೆ ಕೆಲಸ ಶುರು ಮಾಡುತ್ತೆ. ಎಂ-ಆರ್‌ಎನ್‌ಎ ಬಂದ್ರೆ ಬೆಳಕು ಬರುತ್ತೆ. ಹೊಸ ವೈರಸ್ ಮಾತ್ರ ಹುಟ್ಟೋಕೆ ಸಾಧ್ಯವೇ ಇಲ್ಲ. ಪೂರ್ತಿ ಚಿಪ್ ಮಾಡೋ ಬದಲು ಒಂದು ಮಾಡ್ಯೂಲ್‌ಗೆ ಟೆಸ್ಟ್‌ಬೆಂಚ್ ಬರೆದ ಹಾಗೆ.

ಈಗ ಟೆಸ್ಟ್‌ಬೆಂಚ್ ಇದೆ, ಇನ್‌ಪುಟ್ ಬೇಕು. ಫಾಸ್ಫೇಟ್ ಪಿನ್ನನ್ನು ಶಾಶ್ವತವಾಗಿ 0ಗೆ ಅಥವಾ 1ಕ್ಕೆ ಕಟ್ಟಿಹಾಕೋದು ಹೇಗೆ? ಸೆರೀನ್ ಬದಲು ಅಲನೀನ್ ಹಾಕಿದ್ರೆ ಓಎಚ್ ಇರಲ್ಲ, ಫಾಸ್ಫೇಟ್ ಅಂಟೋಕೆ ಜಾಗವೇ ಇಲ್ಲ, ಪಿನ್ 0. ಸೆರೀನ್ ಬದಲು ಆಸ್ಪಾರ್ಟಿಕ್ ಆಮ್ಲ ಹಾಕಿದ್ರೆ ಅದು ಹುಟ್ಟಿನಿಂದಲೇ ಋಣಾವೇಶ ಹೊತ್ತಿರುತ್ತೆ, ಫಾಸ್ಫೇಟ್ ಇದ್ದಂತೆ ನಟಿಸುತ್ತೆ, ಪಿನ್ 1. ಮಾರ್ಬರ್ಗ್ ತಂಡ 2002ರಲ್ಲಿ ವಿಪಿ-30ರ ಸೆರೀನ್‌ಗಳ ಮೇಲೆ ಈ ಎರಡೂ ಪ್ರಯೋಗ ಮಾಡಿತು. ಅಲನೀನ್ ವಿಪಿ-30 ಇದ್ದಾಗ ಟ್ರಾನ್ಸ್‌ಕ್ರಿಪ್ಷನ್ ನಡೆಯಿತು. ಆಸ್ಪಾರ್ಟಿಕ್ ಆಮ್ಲದ ವಿಪಿ-30 ಇದ್ದಾಗ ನಡೆಯಲಿಲ್ಲ. 2013ರ ಕೆಲಸದಲ್ಲಿ ಇನ್ನೊಂದು ಅರ್ಧವೂ ಸಿಕ್ಕಿತು: ಫಾಸ್ಫೊರಿಲೇಷನ್ ಆದಾಗ ಟ್ರಾನ್ಸ್‌ಕ್ರಿಪ್ಷನ್ ಇಳಿದು ರೆಪ್ಲಿಕೇಷನ್ ಏರುತ್ತೆ.

ಒಂದು ಎಚ್ಚರಿಕೆ. ಆಸ್ಪಾರ್ಟಿಕ್ ಆಮ್ಲದ್ದು ಒಂದೇ ಋಣಾವೇಶ, ಫಾಸ್ಫೇಟಿನದ್ದು ಸುಮಾರು ಎರಡು, ಆಕಾರವೂ ಬೇರೆ. ಅದು ಡೂಪ್, ಹೀರೋ ಅಲ್ಲ. ಡೂಪ್ ಕೆಲಸ ಮಾಡಲಿಲ್ಲ ಅಂದ ಮಾತ್ರಕ್ಕೆ ಹೀರೋಗೂ ಆಗಲ್ಲ ಅಂತ ತೀರ್ಪು ಕೊಡಬಾರದು. ಈ ಕ್ಷೇತ್ರದ ಪೇಪರ್ ಓದುವಾಗ ನಾನು ಮೊದಲು ಹುಡುಕೋದು ಇದನ್ನೇ: ಡೂಪ್ ಮೇಲೆ ಮಾತ್ರ ನಿಂತಿದ್ದಾರಾ, ಇಲ್ಲ ಕೈನೇಸ್ ಮತ್ತು ಫಾಸ್ಫಟೇಸ್‌ಗಳನ್ನೂ ಅಲುಗಾಡಿಸಿ ನೋಡಿದ್ದಾರಾ ಅಂತ.

ಇವರು ಅಲುಗಾಡಿಸಿದ್ದಾರೆ, ಅಲ್ಲಿಂದಲೇ ಕಥೆ ರಂಗೇರೋದು. ಇಲ್ಲಿಯವರೆಗೆ ಓದಿದವರು 'ಹಾಗಾದ್ರೆ ಫಾಸ್ಫೇಟ್ ಇಲ್ಲದ ವಿಪಿ-30 ಇದ್ರೆ ವೈರಸ್‌ಗೆ ಹಬ್ಬ' ಅಂದ್ಕೊಂಡಿರ್ತೀರಿ. ಹಾಗಲ್ಲ. 2016ರ ಕೆಲಸದಲ್ಲಿ ಕಂಡಿದ್ದು, 29ನೇ ಸ್ಥಾನದ ಸೆರೀನ್ ತುಂಬಾ ಮುಖ್ಯ, ಮತ್ತು ವೈರಸ್‌ಗೆ ಬೇಕಾಗಿರೋದು ಫಾಸ್ಫೇಟ್ ಇರೋದೂ ಅಲ್ಲ, ಇಲ್ಲದಿರೋದೂ ಅಲ್ಲ. ಅದು ಬಂದು ಹೋಗೋದು. ಆ 29ನೇ ಸೆರೀನ್‌ಗೆ ಫಾಸ್ಫೇಟ್ ಅಂಟಿಸೋದು ಎಸ್‌ಆರ್‌ಪಿಕೆ-1 ಮತ್ತು ಎಸ್‌ಆರ್‌ಪಿಕೆ-2 ಅನ್ನುವ ನಮ್ಮದೇ ಕೈನೇಸ್‌ಗಳು ಅಂತ 2020ರಲ್ಲಿ ಗೊತ್ತಾಯಿತು. ಇವುಗಳ ಮಾಮೂಲಿ ಕೆಲಸ ನಮ್ಮ ಆರ್‌ಎನ್‌ಎ ಕತ್ತರಿಸಿ ಜೋಡಿಸುವ ಪ್ರೋಟೀನ್‌ಗಳನ್ನು ನೋಡಿಕೊಳ್ಳೋದು. ಅವು ಹುಡುಕೋದು ಆರ್ಜಿನಿನ್ ಮತ್ತು ಸೆರೀನ್ ಇರುವ ಒಂದು ವಿನ್ಯಾಸ. ವಿಪಿ-30ರ 26ನೇ ಜಾಗದಲ್ಲಿ ಆರ್ಜಿನಿನ್, 29ನೇ ಜಾಗದಲ್ಲಿ ಸೆರೀನ್. ಸುಳ್ಳು ಐಡಿ ಕಾರ್ಡ್ ತೋರಿಸಿ ಹಾಸ್ಟೆಲ್ ಒಳಗೆ ಬಂದ ಹಾಗೆ. ಅದೇ ಕೆಲಸದಲ್ಲಿ ಎಸ್‌ಆರ್‌ಪಿಕೆ-1 ಅನ್ನು ಜೀವಕೋಶದಲ್ಲಿ ಅತಿಯಾಗಿ ಹೆಚ್ಚಿಸಿದಾಗಲೂ ವೈರಸ್‌ನ ಮೊದಲ ಹಂತದ ಟ್ರಾನ್ಸ್‌ಕ್ರಿಪ್ಷನ್ ತಗ್ಗಿತು, ಅದನ್ನು ತಡೆದಾಗಲೂ ತಗ್ಗಿತು. ಜಾಸ್ತಿಯಾದ್ರೂ ಪೆಟ್ಟು, ಕಮ್ಮಿಯಾದ್ರೂ ಪೆಟ್ಟು.

ತೆಗೆಯುವವನು ಯಾರು? ಇದಕ್ಕೆ ಉತ್ತರ 2018ರಲ್ಲಿ ಬಂತು. ಪಿಪಿ-2ಎ ಅನ್ನುವ ಫಾಸ್ಫಟೇಸ್. ಫಾಸ್ಫಟೇಸ್‌ಗಳ ವಿನ್ಯಾಸ ಕೈನೇಸ್‌ಗಳಿಗಿಂತ ಬೇರೆ. ಡ್ರಿಲ್ ಮಷಿನ್ ಒಂದೇ, ಬಿಟ್ ಮಾತ್ರ ಬದಲಾಯಿಸಬಹುದು. ಪಿಪಿ-2ಎ ಅನ್ನುವ ಡ್ರಿಲ್‌ಗೆ ಬಿ-56 ಅನ್ನುವ ಬಿಟ್ ಹಾಕಿದ್ರೆ ಅದು ಒಂದು ನಿರ್ದಿಷ್ಟ ಅಮೈನೋ ಆಮ್ಲದ ಸಾಲನ್ನು ಹುಡುಕಿ ಹಿಡಿಯುತ್ತೆ. ಎಬೋಲಾದ ಎನ್‌ಪಿ ಪ್ರೋಟೀನ್ ಆ ಸಾಲನ್ನು ತನ್ನ ಮೈಮೇಲೆ ಬರೆದುಕೊಂಡಿದೆ. ಎಲ್ಲಿ? ವಿಪಿ-30 ಬಂದು ಕೂರುವ ಜಾಗದ ಹತ್ತಿರವೇ. ಅಂದ್ರೆ ಎನ್‌ಪಿ ಒಂದು ಕೈಯಲ್ಲಿ ವಿಪಿ-30 ಹಿಡಿದು, ಇನ್ನೊಂದು ಕೈಯಲ್ಲಿ ಫಾಸ್ಫಟೇಸ್ ಹಿಡಿದು ಎರಡನ್ನೂ ಪಕ್ಕಪಕ್ಕ ತರುತ್ತೆ. ಬಿ-56 ಹಿಡಿಯೋದನ್ನು ತಪ್ಪಿಸಿದಾಗ ವಿಪಿ-30 ಮೇಲೆ ಫಾಸ್ಫೇಟ್ ಉಳಿದುಹೋಯಿತು, ವೈರಸ್ ಸೊರಗಿತು.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಇಂಜಿನಿಯರಿಂಗ್ ಕಾಲೇಜಿನ ಪತ್ರಿಕೆ ತಾನೇ. ಒಂದು ವಿಪಿ-30ಗೆ ಫಾಸ್ಫೇಟ್ ಅಂಟುವ ದರ ನಿಮಿಷಕ್ಕೆ ಎ, ಬಿಡುವ ದರ ನಿಮಿಷಕ್ಕೆ ಬಿ ಅಂತ ಇಟ್ಕೊಳ್ಳಿ. ಸ್ಟೆಡಿ ಸ್ಟೇಟ್‌ನಲ್ಲಿ ಫಾಸ್ಫೇಟ್ ಇರುವ ಪಾಲು ಎ/(ಎ+ಬಿ). ಆ ಸ್ಥಿತಿ ತಲುಪುವ ಟೈಮ್ ಕಾನ್ಸ್ಟಂಟ್ 1/(ಎ+ಬಿ). ನಮ್ಮ ಆರ್‌ಸಿ ಸರ್ಕ್ಯೂಟ್‌ನ ಸಮೀಕರಣವೇ. ಲೆಕ್ಕಕ್ಕೆ ಅಂತ ಎ = 1, ಬಿ = 3 ಹಾಕಿ, ಇವು ಅಳತೆ ಮಾಡಿದ ಸಂಖ್ಯೆಗಳಲ್ಲ. ಪಾಲು 25%, ಟೈಮ್ ಕಾನ್ಸ್ಟಂಟ್ 15 ಸೆಕೆಂಡ್. ಈಗ ಎರಡನ್ನೂ ಹತ್ತು ಪಟ್ಟು ಮಾಡಿ, ಎ = 10, ಬಿ = 30. ಪಾಲು ಅದೇ 25%. ಆದರೆ ಟೈಮ್ ಕಾನ್ಸ್ಟಂಟ್ 1.5 ಸೆಕೆಂಡ್. ಒಂದು ಕ್ಷಣದ ಫೋಟೋ ತೆಗೆದ್ರೆ ಎರಡೂ ಜೀವಕೋಶ ಒಂದೇ ಥರ ಕಾಣುತ್ತೆ, ಒಳಗೆ ಮಾತ್ರ ಒಂದು ನಿಧಾನ, ಇನ್ನೊಂದು ಚುರುಕು. ಒಂದು ಕಡೆ ಅಂಟಿಸಿ ಇನ್ನೊಂದು ಕಡೆ ಕಿತ್ತುಹಾಕಿ ಎಟಿಪಿ ದಂಡ ಮಾಡೋದು ಯಾಕೆ ಅಂತ ಅನಿಸಿದ್ರೆ, ಅದು ಸ್ಪೀಡ್‌ಗೆ ಕೊಡುವ ಬೆಲೆ. ಎಟಿಪಿ ಬಿಲ್ ಹೇಗೂ ನಮ್ಮ ಜೀವಕೋಶದ್ದು, ವೈರಸ್‌ದಲ್ಲ.

ಹಾಗಾದ್ರೆ ಎಲ್ಲಾ ಆರ್‌ಎನ್‌ಎ ವೈರಸ್‌ಗಳಲ್ಲೂ ಫಾಸ್ಫೇಟ್ ಅಂದ್ರೆ ಟ್ರಾನ್ಸ್‌ಕ್ರಿಪ್ಷನ್ ಬಂದ್ ಅಂತಾನಾ? ಇಲ್ಲ. ಎಬೋಲಾದ ದೂರದ ನೆಂಟ ವಿಎಸ್‌ವಿಯಲ್ಲಿ ಪೂರ್ತಿ ಉಲ್ಟಾ. ಇದು ಅಮೆರಿಕ ಖಂಡಗಳ ದನ ಮತ್ತು ಕುದುರೆಗಳ ಬಾಯಲ್ಲಿ ಗುಳ್ಳೆ ಎಬ್ಬಿಸುವ ವೈರಸ್, ಸುಮಾರು 11,000 ಅಕ್ಷರ, ಐದು ಜೀನ್. ಇದರಲ್ಲಿ ಎಲ್ ಪಾಲಿಮರೇಸ್‌ಗೆ ಜೊತೆಗಾರ ಪಿ ಅನ್ನುವ ಪ್ರೋಟೀನ್. 1992ರಲ್ಲಿ ಶೈಲೇನ್ ಬಾರಿಕ್ ಮತ್ತು ಅಮಿಯ ಬ್ಯಾನರ್ಜಿ ಇದನ್ನು ತುಂಬಾ ಚೊಕ್ಕವಾಗಿ ತೋರಿಸಿದರು. ಪಿ ಪ್ರೋಟೀನನ್ನು ಬ್ಯಾಕ್ಟೀರಿಯಾದಲ್ಲಿ ತಯಾರಿಸಿದರು. ಬ್ಯಾಕ್ಟೀರಿಯಾದಲ್ಲಿ ನಮ್ಮ ಕೇಸೀನ್ ಕೈನೇಸ್-2 ಇಲ್ಲ, ಹಾಗಾಗಿ ಪಿ ಬರಿಮೈಯಲ್ಲಿ ಬಂತು, ಟ್ರಾನ್ಸ್‌ಕ್ರಿಪ್ಷನ್ ಮಾಡಿಸಲಿಲ್ಲ. ಆ ಕೈನೇಸ್‌ನಿಂದ ಫಾಸ್ಫೇಟ್ ಅಂಟಿಸಿದ ಮೇಲೆ ಕೆಲಸ ಶುರುವಾಯಿತು. ಇಲ್ಲಿ ಫಾಸ್ಫೇಟ್ ಅಂದ್ರೆ ಆನ್. ಅದೇ ಪಿ ಪ್ರೋಟೀನಿನ ಬೇರೊಂದು ಭಾಗದಲ್ಲಿರುವ ಫಾಸ್ಫೇಟ್‌ಗಳು ರೆಪ್ಲಿಕೇಷನ್‌ಗೆ ಬೇಕಾಗುತ್ತೆ ಅಂತ ಆಮೇಲೆ ಗೊತ್ತಾಯಿತು. ಅಂದ್ರೆ ಒಂದು ಪಿನ್ ಆಕ್ಟಿವ್ ಹೈ, ಇನ್ನೊಂದು ಆಕ್ಟಿವ್ ಲೋ. ಡೇಟಾಶೀಟ್ ನೋಡದೆ ವೈರ್ ಹಾಕಬಾರದು. ತಮಾಷೆ ಅಂದ್ರೆ, ಇದೇ ವಿಎಸ್‌ವಿಯ ಮೇಲೆ ಎಬೋಲಾದ ಹೊರಕವಚದ ಪ್ರೋಟೀನ್ ಕೂರಿಸಿ ಮಾಡಿದ್ದೇ ಎರ್ವೆಬೋ ಲಸಿಕೆ, 2019ರಲ್ಲಿ ಅನುಮತಿ ಸಿಕ್ಕಿತು.

ಕೊರೊನಾ ಬಗ್ಗೆ ಒಂದೆರಡು ಮಾತು ಹೇಳದಿದ್ರೆ ನೀವು ಬಿಡಲ್ಲ. ಸಾರ್ಸ್-ಕೋವ್-2ರ ಎನ್ ಪ್ರೋಟೀನ್ ಸುಮಾರು 30,000 ಅಕ್ಷರಗಳ ಆರ್‌ಎನ್‌ಎಯನ್ನು ಸುತ್ತಿಡುತ್ತೆ. ಅದರ ನಡುವೆ ಸೆರೀನ್ ಮತ್ತು ಆರ್ಜಿನಿನ್ ತುಂಬಿದ ಒಂದು ಪಟ್ಟಿ ಇದೆ. ಎಸ್‌ಆರ್‌ಪಿಕೆ ಇಲ್ಲೂ ಹಾಜರ್. ಅದು ಮೊದಲ ಫಾಸ್ಫೇಟ್ ಹಾಕಿದ ಮೇಲೆ ಜಿಎಸ್‌ಕೆ-3 ಮುಂತಾದ ಕೈನೇಸ್‌ಗಳು ಬಂದು ಸಾಲಾಗಿ ಹಾಕುತ್ತಾ ಹೋಗುತ್ತವೆ. ಟೆಸ್ಟ್ ಟ್ಯೂಬ್‌ನಲ್ಲಿ ನೋಡಿದಾಗ, ಫಾಸ್ಫೇಟ್ ಇಲ್ಲದ ಎನ್ ಆರ್‌ಎನ್‌ಎ ಜೊತೆ ಸೇರಿ ಜೆಲ್ ಥರ ಗಟ್ಟಿಯಾಗುತ್ತೆ. ಫಾಸ್ಫೇಟ್ ಇರುವಂಥದ್ದು ನೀರಾದ ಹನಿಗಳಾಗುತ್ತೆ. ಪ್ಯಾಕ್ ಮಾಡೋಕೆ ಗಟ್ಟಿ ಬೇಕು, ಓದಿ ಬರೆಯೋಕೆ ಸಡಿಲ ಬೇಕು. ಕೂಲಂಬ್ ಮತ್ತೆ ಬಂದ ನೋಡಿ.

ಇದರಿಂದ ಔಷಧ ಮಾಡಬಹುದಾ? ಆಸೆ ಹುಟ್ಟಿಸುವ ವಾದ ಹೀಗಿದೆ: ವೈರಸ್‌ನ ಪ್ರೋಟೀನ್‌ಗೆ ಮದ್ದು ಹೊಡೆದ್ರೆ ಅದು ಮ್ಯುಟೇಟ್ ಆಗಿ ತಪ್ಪಿಸಿಕೊಳ್ಳುತ್ತೆ. ನಮ್ಮ ಕೈನೇಸ್‌ಗೆ ಹೊಡೆದ್ರೆ ವೈರಸ್ ಅದನ್ನು ಬದಲಾಯಿಸೋಕೆ ಆಗಲ್ಲ, ಅದು ನಮ್ಮ ಜೀನೋಮ್‌ನಲ್ಲಿದೆ. ನನಗೆ ಈ ವಾದ ಅರ್ಧ ಮಾತ್ರ ಒಪ್ಪಿಗೆ. ಕೈನೇಸ್ ನಮ್ಮದು ಅನ್ನೋದೇ ಸಮಸ್ಯೆ ಕೂಡ. 2002ರ ಎಬೋಲಾ ಪ್ರಯೋಗದಲ್ಲಿ ಫಾಸ್ಫಟೇಸ್ ತಡೆಯೋಕೆ ಬಳಸಿದ್ದು ಒಕಡಾಯಿಕ್ ಆಮ್ಲ. ವೈರಸ್ ಬೆಳವಣಿಗೆ ನಿಂತಿತು, ನಿಜ. ಆದರೆ ಅದು ಸಮುದ್ರದ ಪಾಚಿಜೀವಿಗಳಿಂದ ಚಿಪ್ಪುಮೀನಿಗೆ ಸೇರಿ, ತಿಂದವರಿಗೆ ವಾಂತಿ ಭೇದಿ ಮಾಡಿಸುವ ವಿಷ. ಎಸ್‌ಆರ್‌ಪಿಕೆ ತಡೆದ್ರೆ ನಮ್ಮದೇ ಆರ್‌ಎನ್‌ಎ ಜೋಡಣೆ ಕೆಡುವ ಅಪಾಯ ಇದೆ.

ಮೇಲಿನ ಸಮೀಕರಣವೂ ಒಂದು ಮಾತು ಹೇಳುತ್ತೆ. ಕೈನೇಸ್ ಮತ್ತು ಫಾಸ್ಫಟೇಸ್ ಎರಡನ್ನೂ ಒಂದೇ ಪ್ರಮಾಣದಲ್ಲಿ ನಿಧಾನ ಮಾಡುವ ಮದ್ದು ಕೊಟ್ರೆ ಪಾಲು ಬದಲಾಗಲ್ಲ, ಚುರುಕು ಮಾತ್ರ ಹೋಗುತ್ತೆ. ವೈರಸ್‌ಗೆ ಬಂದು ಹೋಗೋದೇ ಮುಖ್ಯ ಆಗಿದ್ರೆ ಅಷ್ಟರಿಂದಲೇ ಅದಕ್ಕೆ ತೊಂದರೆ ಆಗಬೇಕು. ಆದರೆ ಆ ನಿಧಾನ ನಮ್ಮ ಜೀವಕೋಶದ ನೂರಾರು ಬೇರೆ ಪ್ರೋಟೀನ್‌ಗಳಿಗೂ ತಟ್ಟುತ್ತೆ. ನನಗೆ ಇದರಲ್ಲೆಲ್ಲ ಜಾಸ್ತಿ ಬುದ್ಧಿವಂತಿಕೆ ಕಾಣೋದು 2018ರ ದಾರಿಯಲ್ಲಿ: ಡ್ರಿಲ್ ನಿಲ್ಲಿಸಬೇಡಿ, ಎನ್‌ಪಿ ಆ ಬಿಟ್ ಹಿಡಿಯುವ ಜಾಗವನ್ನು ಮಾತ್ರ ಮುಚ್ಚಿ. ಅಲ್ಲೂ ಒಂದು ತೊಡಕಿದೆ, ನಮ್ಮದೇ ಹಲವು ಪ್ರೋಟೀನ್‌ಗಳು ಬಿ-56 ಅನ್ನು ಅಂಥದ್ದೇ ಸಾಲಿನಿಂದ ಹಿಡಿಯುತ್ತವೆ. ಸದ್ಯಕ್ಕಂತೂ 2020ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕ ಎಬೋಲಾದ ಎರಡು ಔಷಧಗಳು, ಇನ್ಮಾಜೆಬ್ ಮತ್ತು ಎಬಾಂಗಾ, ಎರಡೂ ಆಂಟಿಬಾಡಿಗಳು. ಅವು ವೈರಸ್‌ನ ಹೊರಕವಚವನ್ನು ಹಿಡಿಯುತ್ತವೆ. ಒಳಗೆ ನಡೆಯುವ ಈ ಬೋರ್ಡ್ ಬದಲಾವಣೆಯನ್ನು ಮುಟ್ಟೋದೇ ಇಲ್ಲ.